ಡ್ರಾಕುಲಾ ಮತ್ತು ವಿಟ್‌ಬಿ: ಒಂದು ಊರಿನ ನಕ್ಷೆ ಕಥೆಗೆ ಭಯ ತುಂಬಿದ್ದು ಹೇಗೆ

ಡ್ರಾಕುಲಾ ಅಂದ ತಕ್ಷಣ ಹೆಚ್ಚಿನವ್ರಿಗೆ ನೆನಪಾಗೋದು ಟ್ರಾನ್ಸಿಲ್ವೇನಿಯಾ, ಬೆಟ್ಟದ ತುದೀಲಿರೋ ಕೋಟೆ, ಊಳಿಡೋ ತೋಳಗಳು. ಆದ್ರೆ ಆ ರಕ್ತಪಿಶಾಚಿ ಕಾದಂಬರೀನ ಬರೆದ ಬ್ರಾಮ್ ಸ್ಟೋಕರ್ ಜೀವಮಾನದಲ್ಲಿ ಒಂದ್ಸಲಾನೂ ಟ್ರಾನ್ಸಿಲ್ವೇನಿಯಾಗೆ ಹೋದವನಲ್ಲ, ಅಲ್ಲಿನ ಬೆಟ್ಟ ಕಣಿವೆ ಎಲ್ಲಾ ಬೇರೆಯವರು ಬರೆದಿದ್ದನ್ನ ಓದಿ ಕಟ್ಟಿದ್ದು. ಅವನು ಕಣ್ಣಾರೆ ಕಂಡು, ಓಡಾಡಿ, ನೋಟ್ಸ್ ಮಾಡ್ಕೊಂಡು ಕಥೆಗೆ ತಂದ ಊರು ಬೇರೆ ಇದೆ, ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳೀಲಿರೋ ವಿಟ್‌ಬಿ. ಕಾದಂಬರಿಯ ಆರನೇ ಅಧ್ಯಾಯದಿಂದ ಎಂಟನೇದರವರೆಗೆ ಕಥೆ ಹೆಚ್ಚುಕಮ್ಮಿ ಅಲ್ಲೇ ನಡೆಯುತ್ತೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಮೈ ಜುಂ ಅನ್ನಿಸೋದು ಆ ಭಾಗಾನೇ, ಅದಕ್ಕೆ ಮುಖ್ಯ ಕಾರಣ ಆ ಊರು ಇರೋ ರೀತಿ.

ಹಳೇ ಕೋಟೆ, ಪಾಳುಮಠದಂಥ ಜಾಗ ಇಟ್ಕೊಂಡು ಭಯ ಹುಟ್ಟಿಸೋ ಕಥೆಗಳಿಗೆ ಗಾಥಿಕ್ ಕಾದಂಬರಿ ಅಂತಾರೆ. ಗಾಥಿಕ್ ಕಾದಂಬರಿ ಅಂದ್ರೇನೇ ಹಾಗೆ, ಅದ್ರಲ್ಲಿ ಜಾಗ ಅನ್ನೋದು ಹಿನ್ನೆಲೆ ಪರದೆ ಥರ ಸುಮ್ನೆ ನೇತಾಡ್ಕೊಂಡು ಇರಲ್ಲ, ಕಥೇನ ನಡೆಸೋದೇ ಜಾಗ. ಈ ಪ್ರಕಾರ ಶುರುವಾಗಿದ್ದೇ ಒಂದು ಮನೆಯಿಂದ ಅನ್ನಬಹುದು. ಹೊರೇಸ್ ವಾಲ್ಪೋಲ್ ಅನ್ನೋನು ಲಂಡನ್ ಹತ್ರ ಸ್ಟ್ರಾಬೆರಿ ಹಿಲ್ ಅಂತ ಹಳೇ ಕೋಟೆ ಶೈಲೀಲಿ ಮನೆ ಕಟ್ಕೊಂಡಿದ್ದ, ಅಲ್ಲಿ ಒಂದು ರಾತ್ರಿ ಮೆಟ್ಟಿಲ ಮೇಲೆ ಕಬ್ಬಿಣದ ಕವಚ ತೊಟ್ಟ ದೊಡ್ಡ ಕೈಯೊಂದನ್ನ ಕನಸಲ್ಲಿ ಕಂಡ, ಆ ಕನಸಿಂದ ಹುಟ್ಟಿದ ಕಾದಂಬರಿ 1764ರ ಕೊನೇಲಿ ಬಂತು, ಮೊದಲ ಗಾಥಿಕ್ ಕಾದಂಬರಿ ಅಂತ ಅದನ್ನೇ ಹೇಳೋದು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಗಾಥಿಕ್ ಕಥೆಗಳಲ್ಲಿ ಪಾಳುಬಿದ್ದ ಮಠ, ನೆಲಮಾಳಿಗೆ, ಸ್ಮಶಾನ ಇವೆಲ್ಲಾ ಬರ್ತಾನೇ ಇದ್ವು. ಆದ್ರೆ ಹೆಚ್ಚಾಗಿ ದೂರದ ದೇಶದಲ್ಲಿ, ಹಳೇ ಕಾಲದಲ್ಲಿ. ಸ್ಟೋಕರ್ ಮಾಡಿದ ದೊಡ್ಡ ಕೆಲ್ಸ ಏನಂದ್ರೆ ಆ ಭಯಾನ ಎತ್ಕೊಂಡು ಬಂದು ಓದುಗರು ರೈಲಿನಲ್ಲಿ ಹೋಗಿ ರಜ ಕಳೆಯೋ ಊರಲ್ಲಿ, ಅವರದೇ ಕಾಲದಲ್ಲಿ ಇಟ್ಟ.

ಈಗ ಊರು ಹೇಗಿದೆ ನೋಡೋಣ, ಯಾಕಂದ್ರೆ ಇದು ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ. ಎಸ್ಕ್ ಅನ್ನೋ ಸಣ್ಣ ನದಿ ಬಂದು ಉತ್ತರ ಸಮುದ್ರ ಸೇರುತ್ತೆ, ಸೇರೋ ಜಾಗದಲ್ಲೇ ಬಂದರು. ನದಿಯ ಎರಡೂ ಕಡೆ ಕಡಿದಾದ ಗುಡ್ಡ. ಪೂರ್ವದ ಕಡೇದು ಈಸ್ಟ್ ಕ್ಲಿಫ್, ಪಶ್ಚಿಮದ ಕಡೇದು ವೆಸ್ಟ್ ಕ್ಲಿಫ್. ಈಸ್ಟ್ ಕ್ಲಿಫ್ ಬುಡದಲ್ಲಿ ಹಳೇ ಊರು, ಕೆಂಪು ಹೆಂಚಿನ ಮನೆಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಅಲ್ಲಿಂದ 199 ಕಲ್ಲಿನ ಮೆಟ್ಟಿಲು ಹತ್ತಿದ್ರೆ ಸೇಂಟ್ ಮೇರಿ ಚರ್ಚು, ಅದರ ಸುತ್ತ ಸಮುದ್ರದ ಕಡೆಗೆ ಇಳಿಯೋ ಸ್ಮಶಾನ. ಈ ಮೆಟ್ಟಿಲ ಮಧ್ಯೆ ಅಲ್ಲಲ್ಲಿ ಅಗಲದ ಕಟ್ಟೆಗಳು ಸಿಗ್ತವೆ, ಹಿಂದೆ ಶವಪೆಟ್ಟಿಗೆ ಹೊತ್ಕೊಂಡು ಹತ್ತೋರು ಸುಸ್ತಾದಾಗ ಪೆಟ್ಟಿಗೆ ಇಳಿಸಿ ಉಸಿರು ತಗೊಳ್ಳೋಕೆ ಮಾಡಿದ ಜಾಗ ಅದು. ಚರ್ಚಿನ ಹಿಂದೆ, ಇನ್ನೂ ಮೇಲೆ, ವಿಟ್‌ಬಿ ಆ್ಯಬಿ ಅಂದ್ರೆ ಹಳೇ ಕ್ರೈಸ್ತ ಮಠದ ಅವಶೇಷ. ಆ ಮಠಕ್ಕೆ ದೊಡ್ಡ ಇತಿಹಾಸ ಇದೆ, 657ರಲ್ಲಿ ಹಿಲ್ಡಾ ಅನ್ನೋ ಸನ್ಯಾಸಿನಿಯ ನೇತೃತ್ವದಲ್ಲಿ ಶುರುವಾಗಿದ್ದು, ಈಸ್ಟರ್ ಹಬ್ಬದ ದಿನ ಹೇಗೆ ಲೆಕ್ಕ ಹಾಕ್ಬೇಕು ಅಂತ 664ರಲ್ಲಿ ಧರ್ಮಸಭೆ ಸೇರಿ ತೀರ್ಮಾನ ಮಾಡಿದ್ದು ಇಲ್ಲೇ, ಆಮೇಲೆ ಡೇನರ, ಅಂದ್ರೆ ಡೆನ್ಮಾರ್ಕ್ ಕಡೆಯಿಂದ ಬಂದೋರ ದಾಳಿಗೆ ಹಾಳಾಗಿ, ಮತ್ತೆ ಕಟ್ಟಿ, ಕೊನೆಗೆ 1539ರಲ್ಲಿ ಎಂಟನೇ ಹೆನ್ರಿ ಕಾಲದಲ್ಲಿ ಮುಚ್ಚಿಹೋಯ್ತು. ಅಲ್ಲಿಂದ ಸೂರಿಲ್ಲದೆ ಗಾಳಿಮಳೇಲಿ ನಿಂತಿದೆ, ಮಧ್ಯದ ಗೋಪುರ 1830ರಲ್ಲಿ ಕುಸಿದುಬಿತ್ತು.

ವೆಸ್ಟ್ ಕ್ಲಿಫ್ ಪೂರ್ತಿ ಬೇರೆ ಲೋಕ. ರೈಲು ಬಂದ ಮೇಲೆ 19ನೇ ಶತಮಾನದಲ್ಲಿ ಅಲ್ಲಿ ರಜೆಗೆ ಬರೋರಿಗೆ ಅಂತಾನೇ ಹೊಸ ಬಡಾವಣೆ ಎದ್ದಿತು. ಜಾರ್ಜ್ ಹಡ್ಸನ್ ಅನ್ನೋ ರೈಲ್ವೆ ಕುಳ ಅಲ್ಲಿ ಅರ್ಧಚಂದ್ರಾಕಾರದಲ್ಲಿ ಒಂದು ಮನೆಸಾಲು ಶುರು ಮಾಡಿಸಿದ, ರಾಯಲ್ ಕ್ರೆಸೆಂಟ್ ಅಂತ ಅದರ ಹೆಸ್ರು, ಅರ್ಧ ಮಾತ್ರ ಮುಗೀತು, ಉಳಿದಿದ್ದು ಕಟ್ಟಲೇ ಇಲ್ಲ. ಅಂದ್ರೆ ಒಂದು ಗುಡ್ಡದ ಮೇಲೆ ಲಾಡ್ಜಿಂಗು, ವಾಕಿಂಗು, ಬ್ಯಾಂಡು. ಎದುರುಗಡೆ ಗುಡ್ಡದ ಮೇಲೆ ಪಾಳುಮಠ, ಸಮಾಧಿಗಳು. ಮಧ್ಯೆ ನೀರು. ಇಲ್ಲಿ ನಿಂತ್ರೆ ಅಲ್ಲಿನದೆಲ್ಲಾ ಕಣ್ಣಿಗೆ ಕಾಣುತ್ತೆ, ನೇರ ಗೆರೆ ಎಳೆದ್ರೆ ಅರ್ಧ ಕಿಲೋಮೀಟರೂ ಇಲ್ಲ. ಆದ್ರೆ ಹೋಗ್ಬೇಕು ಅಂದ್ರೆ ಗುಡ್ಡ ಇಳಿದು, ದಡದುದ್ದಕ್ಕೂ ಒಳಗೆ ನಡೆದು, ಸೇತುವೆ ದಾಟಿ, ಹಳೇ ಊರಿನ ಓಣೀಲಿ ವಾಪಸ್ ಬಂದು, 199 ಮೆಟ್ಟಿಲು ಹತ್ಬೇಕು. ಒಟ್ಟು ಒಂದು ಕಿಲೋಮೀಟರ್ ಆಸುಪಾಸು ಆಗುತ್ತೆ.

ಈ ಒಂದು ವಿಷಯ ಮನಸ್ಸಲ್ಲಿಟ್ಕೊಳ್ಳಿ: ಕಾಣುತ್ತೆ, ಆದ್ರೆ ತಕ್ಷಣ ತಲುಪೋಕಾಗಲ್ಲ. ಸ್ಟೋಕರ್ ವಿಟ್‌ಬಿಯಿಂದ ತಗೊಂಡ ಅತಿ ದೊಡ್ಡ ವಸ್ತು ಇದೇ ಅಂತ ನಾನು ನಂಬ್ತೀನಿ.

ಅವನು ಅಲ್ಲಿಗೆ ಬಂದಿದ್ದು 1890ರ ಬೇಸಿಗೇಲಿ. ಅವಾಗ ಅವನಿಗಿದ್ದ ಕೆಲ್ಸ ಲಂಡನ್ನಿನ ಲೈಸಿಯಂ ಥಿಯೇಟರಿನ ಮ್ಯಾನೇಜರ್, ಅಂದ್ರೆ ಆ ಕಾಲದ ಬಹು ದೊಡ್ಡ ನಟ ಹೆನ್ರಿ ಇರ್ವಿಂಗ್‌ನ ಲೆಕ್ಕಪತ್ರ, ಪ್ರವಾಸ, ಕಾಗದ ವ್ಯವಹಾರ ಎಲ್ಲಾ ನೋಡ್ಕೊಳ್ಳೋನು, ಉಸಿರಾಡೋಕೂ ಪುರುಸೊತ್ತಿಲ್ಲದ ಕೆಲ್ಸ. ರಜ ಸಿಕ್ಕಿತು, ವೆಸ್ಟ್ ಕ್ಲಿಫ್ ಮೇಲೆ 6, ರಾಯಲ್ ಕ್ರೆಸೆಂಟ್ ವಿಳಾಸದ ಲಾಡ್ಜಿಂಗ್ ಮನೇಲಿ ಉಳ್ಕೊಂಡ. ಹೆಂಡ್ತಿ ಫ್ಲಾರೆನ್ಸ್, ಮಗ ನೋಯೆಲ್ ಆಮೇಲೆ ಬಂದು ಸೇರ್ಕೊಂಡ್ರು. ರಕ್ತಪಿಶಾಚಿ ಕಥೆಗೆ ನೋಟ್ಸ್ ಮಾಡೋಕೆ ಅದೇ ವರ್ಷ ಮಾರ್ಚಲ್ಲೇ ಶುರು ಮಾಡಿದ್ದ, ಹಾಗಾಗಿ ಕಥೆ ಹುಟ್ಟಿದ್ದೇ ವಿಟ್‌ಬೀಲಿ ಅಂತ ಕೆಲವ್ರು ಹೇಳೋದು ಸರಿಯಲ್ಲ. ಆದ್ರೆ ಮಾರ್ಚಲ್ಲಿ ಅವನ ಹತ್ರ ಇದ್ದದ್ದು ಒಂದು ಹಂದರ ಅಷ್ಟೇ, ಖಳನಿಗೆ ಸರಿಯಾದ ಹೆಸ್ರೂ ಇರ್ಲಿಲ್ಲ, ಅವನ ಕೋಟೆ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದಲ್ಲಿ ಅಂತ ಅಂದ್ಕೊಂಡಿದ್ದ. ಆ ನೋಟ್ಸೆಲ್ಲಾ ಈಗ ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಮ್ಮಲ್ಲಿ ಭದ್ರವಾಗಿವೆ, ಅದರಿಂದಾನೇ ಅವನು ವಿಟ್‌ಬೀಲಿ ಏನೇನು ಮಾಡಿದ ಅಂತ ಇಷ್ಟು ಖಚಿತವಾಗಿ ಹೇಳೋಕಾಗೋದು. ಹವಾಮಾನ ಬರ್ಕೊಂಡಿದ್ದಾನೆ, ಚರ್ಚಿನ ಸಮಾಧಿಕಲ್ಲುಗಳ ಮೇಲಿನ ಹೆಸ್ರು ಇಸವಿ ನಕಲು ಮಾಡ್ಕೊಂಡಿದ್ದಾನೆ, ಮೀನುಗಾರರ ಜೊತೆ ಹರಟಿದ್ದಾನೆ, ಅಲ್ಲಿನ ಆಡುಮಾತಿನ ಪದಗಳನ್ನ ಪಟ್ಟಿ ಮಾಡಿದ್ದಾನೆ, ಕರಾವಳಿ ಕಾವಲಿನವನ ಹತ್ರ ಹೋಗಿ ಹಡಗು ಅಪಘಾತದ ವಿವರ ಕೇಳ್ಕೊಂಡಿದ್ದಾನೆ.

ಈಗ ಕಾದಂಬರಿ ಒಳಗೆ ಬನ್ನಿ. ಕಥೆಯ ಮುಖ್ಯ ಪಾತ್ರಗಳಾದ ಲೂಸಿ ಮತ್ತೆ ಅವಳ ಗೆಳತಿ ಮಿನಾ ಇಬ್ರೂ ಉಳ್ಕೊಂಡಿರೋದು ಕ್ರೆಸೆಂಟಿನಲ್ಲೇ. ಡ್ರಾಕುಲಾನ ಸಾಮಾನು ಬಿಡಿಸ್ಕೊಳ್ಳೋಕೆ ಗೊತ್ತುಮಾಡಿದ ವಕೀಲನ ವಿಳಾಸ 7, ದಿ ಕ್ರೆಸೆಂಟ್, ವಿಟ್‌ಬಿ ಅಂತ ಪುಸ್ತಕದಲ್ಲಿದೆ, ಅಂದ್ರೆ ಲೇಖಕ ತಾನು ಮಲಗಿದ್ದ ಮನೆಯ ಪಕ್ಕದ ನಂಬರನ್ನೇ ಪಿಶಾಚಿಯ ವಕೀಲನಿಗೆ ಕೊಟ್ಟಿದ್ದಾನೆ. ಗೆಳತಿಯರು ದಿನಾ ಸೇತುವೆ ದಾಟಿ ಮೆಟ್ಟಿಲು ಹತ್ತಿ ಸ್ಮಶಾನದ ಒಂದು ಬೆಂಚಿನ ಮೇಲೆ ಕೂತ್ಕೊಂಡು ಸಮುದ್ರ ನೋಡೋದು. ಲೂಸಿಗೆ ನಿದ್ದೇಲಿ ನಡೆಯೋ ಅಭ್ಯಾಸ.

ಆಗಸ್ಟ್ 11ರ ಬೆಳಗಿನ ಜಾವದ ದೃಶ್ಯ ನಿಧಾನಕ್ಕೆ ಓದಿ ನೋಡಿ. ಮಿನಾಗೆ ಎಚ್ಚರ ಆಗುತ್ತೆ, ಪಕ್ಕದ ಹಾಸಿಗೆ ಖಾಲಿ, ಬಾಗಿಲು ತೆರೆದಿದೆ. ಶಾಲು ಹೊದ್ಕೊಂಡು ಓಡ್ತಾಳೆ, ಅವಳು ಕ್ರೆಸೆಂಟಿನಲ್ಲಿರೋವಾಗ ಗಡಿಯಾರ ಒಂದು ಹೊಡೆಯುತ್ತೆ. ವೆಸ್ಟ್ ಕ್ಲಿಫ್ ಅಂಚಿಗೆ ಬಂದು ಬಂದರಿನ ಆಚೆ ನೋಡ್ತಾಳೆ. ಹುಣ್ಣಿಮೆ, ಆದ್ರೆ ಕಪ್ಪು ಮೋಡಗಳು ಜೋರಾಗಿ ಓಡ್ತಾ ಇವೆ. ಮೊದ್ಲು ಚರ್ಚಿನ ಮೇಲೆ ಮೋಡದ ನೆರಳು, ಏನೂ ಕಾಣಲ್ಲ. ಆಮೇಲೆ ಮಠದ ಅವಶೇಷ ಬೆಳಕಿಗೆ ಬರುತ್ತೆ, ಒಂದು ಸಣ್ಣ ಬೆಳಕಿನ ಪಟ್ಟಿ ಜರುಗ್ತಾ ಜರುಗ್ತಾ ಚರ್ಚು, ಸ್ಮಶಾನ, ಅವರ ಬೆಂಚು. ಬೆಂಚಿನ ಮೇಲೆ ಬಿಳೀ ಆಕೃತಿ ಒರಗಿದೆ, ಅದರ ಹಿಂದೆ ಏನೋ ಕಪ್ಪಗೆ ಬಗ್ಗಿದೆ. ಅಷ್ಟರಲ್ಲಿ ಮತ್ತೆ ಮೋಡ.

ಇಲ್ಲಿಂದ ಸ್ಟೋಕರ್ ಏನು ಮಾಡ್ತಾನೆ ಅಂದ್ರೆ ಊರಿನ ದಾರೀನ ಹಾಗೇ ಬರೀತಾನೆ. ಮಿನಾ ಕಡಿದಾದ ಮೆಟ್ಟಿಲಿಳಿದು, ಮೀನು ಮಾರ್ಕೆಟ್ ಪಕ್ಕದಲ್ಲಿ ಓಡಿ ಸೇತುವೆಗೆ ಬರ್ತಾಳೆ, ಈಸ್ಟ್ ಕ್ಲಿಫ್‌ಗೆ ಹೋಗೋಕೆ ಇರೋದು ಅದೊಂದೇ ದಾರಿ ಅಂತ ಅವಳೇ ಡೈರೀಲಿ ಬರೆದಿದ್ದಾಳೆ. ಊರಲ್ಲಿ ಒಂದು ನರಪಿಳ್ಳೆ ಇಲ್ಲ. ಮೆಟ್ಟಿಲು ಹತ್ತೋಕೆ ಶುರು ಮಾಡಿದ್ರೆ ಕಾಲು ಸೀಸದ ಥರ ಭಾರ, ಮುಗಿಯೋದೇ ಇಲ್ಲ. ಹೆಚ್ಚುಕಮ್ಮಿ ಮೇಲೆ ಬಂದಾಗ ಬೆಂಚು ಕಾಣುತ್ತೆ, ಕೂಗ್ತಾಳೆ, ಆ ಕಪ್ಪು ಆಕೃತಿ ತಲೆ ಎತ್ತುತ್ತೆ, ಬಿಳೀ ಮುಖ, ಕೆಂಪಗೆ ಹೊಳೆಯೋ ಕಣ್ಣು. ಆಮೇಲೆ ನೋಡಿ, ಅವಳು ಮತ್ತೆ ಓಡಬೇಕು, ಓಡುವಾಗ ಮಧ್ಯೆ ಚರ್ಚು ಅಡ್ಡ ಬರುತ್ತೆ, ಒಂದು ನಿಮಿಷ ಲೂಸಿ ಕಣ್ಮರೆ. ಚರ್ಚು ದಾಟಿ ಬರೋ ಹೊತ್ತಿಗೆ ಲೂಸಿ ಒಬ್ಬಳೇ ಇದ್ದಾಳೆ.

ಆ ಅಡ್ಡ ಬರೋ ಚರ್ಚನ್ನ ಸ್ಟೋಕರ್ ಕಲ್ಪನೆಯಿಂದ ತಂದಿದ್ದಲ್ಲ, ಮೆಟ್ಟಿಲ ತುದೀಲಿ ಅದು ನಿಜಕ್ಕೂ ಇದೆ. ಪಿಶಾಚಿ ಹೇಗೆ ಮಾಯ ಆಯ್ತು ಅಂತ ಒಂದು ಮಾತೂ ಬರೀಬೇಕಾಗಿಲ್ಲ, ಕಟ್ಟಡಾನೇ ಮರೆ ಮಾಡ್ಕೊಟ್ಟಿದೆ. ನೀರಿನ ಆಚೆ ಗೆಳತಿಗೆ ಏನೋ ಆಗ್ತಾ ಇರೋದು ಕಾಣುತ್ತೆ, ಆದ್ರೆ ಒಂದು ಇಡೀ ಊರು ಸುತ್ತಿ ಬರ್ಬೇಕು. ಆ ಓಟದ ಒಂದೊಂದು ನಿಮಿಷಾನೂ ಓದೋರ ಎದೆ ಮೇಲೆ ಕೂರುತ್ತೆ. ಸಪಾಟಾದ ಊರಲ್ಲಿ, ಅಥವಾ ಎರಡು ಸೇತುವೆ ಇರೋ ಊರಲ್ಲಿ ಈ ದೃಶ್ಯ ಬರೆಯೋಕೇ ಆಗ್ತಿರ್ಲಿಲ್ಲ.

ಇದರ ಬಾಲದಲ್ಲಿ ಬರೋ ಸಣ್ಣ ವಿವರಗಳೂ ನನಗೆ ತುಂಬಾ ಇಷ್ಟ. ಮಿನಾ ತನ್ನ ಶಾಲನ್ನ ಲೂಸಿಗೆ ಹೊದಿಸಿ ದೊಡ್ಡ ಸೇಫ್ಟಿ ಪಿನ್ ಹಾಕ್ತಾಳೆ, ಆಮೇಲೆ ಕುತ್ತಿಗೆ ಮೇಲೆ ಎರಡು ಸಣ್ಣ ಗಾಯ ಕಂಡಾಗ ತನ್ನ ಪಿನ್ನೇ ಚುಚ್ಚಿರಬೇಕು ಅಂತ ನೊಂದ್ಕೊಳ್ತಾಳೆ. ತನ್ನ ಶೂ ಲೂಸಿಗೆ ತೊಡಿಸಿ, ತಾನು ಬರಿಗಾಲಲ್ಲಿ ಇರೋದು ದಾರೀಲಿ ಯಾರಾದ್ರೂ ಎದುರಾದ್ರೆ ಗೊತ್ತಾಗಬಾರ್ದು ಅಂತ ಕಾಲಿಗೆ ಕೆಸರು ಬಳ್ಕೊಳ್ತಾಳೆ. ಅಷ್ಟು ದೊಡ್ಡ ಆಘಾತದ ನಡುವೆ ಊರಿನ ಜನ ಏನಂದ್ಕೊಳ್ತಾರೋ ಅನ್ನೋ ಭಯ, ರಜೆಗೆ ಬಂದ ಮರ್ಯಾದಸ್ಥ ಹೆಣ್ಮಕ್ಕಳ ಭಯ, ಅದೂ ಆ ಊರಿನದೇ.

ಹಡಗಿನ ಕಥೆ ಇನ್ನೊಂದು. 1885ರ ಅಕ್ಟೋಬರ್ 24ರಂದು ದಿಮಿತ್ರಿ ಅನ್ನೋ ರಷ್ಯಾದ ಹಾಯಿಹಡಗು ಬಿರುಗಾಳೀಲಿ ಸಿಕ್ಕಿ ವಿಟ್‌ಬಿ ಬಂದರಿನೊಳಗೆ ನುಗ್ಗಿ ಟೇಟ್ ಹಿಲ್ ಪಿಯರ್ ಪಕ್ಕದ ಮರಳ ದಡಕ್ಕೆ ಬಂದು ಬಿತ್ತು. ನಾರ್ವಾ ಬಂದರಿನ ಹಡಗು ಅದು, ಒಳಗಿದ್ದದ್ದು ಬೆಳ್ಳಿಮರಳು, ಅಂದ್ರೆ ಬೆಳ್ಳಿಯಲ್ಲ, ನಯವಾದ ಬಿಳೀ ಮರಳು. ಹೊರಗಿನ ಬಂಡೆಗಳಿಗೆ ಬಡಿಯದೆ ಒಳಗೆ ಬಂದಿದ್ದೇ ಅದೃಷ್ಟ ಅನ್ನೋ ಅರ್ಥದ ವರದಿ ಸ್ಟೋಕರ್ ನೋಟ್ಸಲ್ಲಿದೆ. ವಿಟ್‌ಬಿಯ ಹೆಸರಾಂತ ಫೋಟೋಗ್ರಾಫರ್ ಫ್ರಾಂಕ್ ಸಟ್‌ಕ್ಲಿಫ್ ತೆಗೆದ ಆ ಹಡಗಿನ ಫೋಟೋ ಇವತ್ತಿಗೂ ಇದೆ, ಮಾಸ್ಟ್ ಮುರಿದು ದಡದಲ್ಲಿ ವಾಲಿ ಬಿದ್ದಿರೋದು. ಕಾದಂಬರೀಲಿ ಅದು ಡ್ರಾಕುಲಾ ಇಂಗ್ಲೆಂಡಿಗೆ ಬರೋ ಡಿಮೀಟರ್ ಹಡಗು ಆಯ್ತು, ನಾರ್ವಾದ ಅಕ್ಷರ ಹಿಂದೆಮುಂದೆ ಆಗಿ ಕಪ್ಪು ಸಮುದ್ರದ ವಾರ್ನಾ ಆಯ್ತು, ಬೆಳ್ಳಿಮರಳು ಹಾಗೇ ಉಳೀತು, ಜೊತೆಗೆ ಮಣ್ಣು ತುಂಬಿದ 50 ಮರದ ಪೆಟ್ಟಿಗೆ ಬಂದ್ವು. ಹಡಗು ಬಂದು ನಿಲ್ಲೋ ಜಾಗಾನೂ ಅದೇ, ಟೇಟ್ ಹಿಲ್ ಪಿಯರ್ ಅಂತ ಹೆಸ್ರು ಸಮೇತ ಬರೆದಿದ್ದಾನೆ.

ಬದಲಾಗಿದ್ದು ಒಳಗಿನ ಜನ. ಕಾದಂಬರಿಯ ಹಡಗಲ್ಲಿ ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗಿ ಕೊನೆಗೆ ಕ್ಯಾಪ್ಟನ್ನಿನ ಹೆಣ ಮಾತ್ರ ಚುಕ್ಕಾಣಿಗೆ ಕಟ್ಟಿದ ಸ್ಥಿತೀಲಿ ಉಳಿದಿರುತ್ತೆ. ದಡಕ್ಕೆ ಬಡಿದ ಕ್ಷಣ ಒಂದು ಭಾರೀ ನಾಯಿ, ಅಂದ್ರೆ ನಾಯಿ ರೂಪದ ಡ್ರಾಕುಲಾ, ಹೊರಗೆ ಹಾರಿ ನೇರ ಸ್ಮಶಾನದ ಗುಡ್ಡದ ಕಡೆ ಓಡಿ ಕತ್ತಲಲ್ಲಿ ಮಾಯ ಆಗುತ್ತೆ. ಯಾರ್ಕ್‌ಷೈರ್ ಕಡೆ ಬಾರ್ಗೆಸ್ಟ್ ಅಂತ ಸಾವಿನ ಸೂಚನೆ ಕೊಡೋ ಕರಿನಾಯಿಯ ನಂಬಿಕೆ ಹಿಂದಿಂದಾನೂ ಇತ್ತು, ಸ್ಟೋಕರ್ ಅದನ್ನ ನೆನೆಸ್ಕೊಂಡೇ ಬರೆದಿರಬೇಕು ಅಂತ ಬಹಳ ಜನ ಹೇಳ್ತಾರೆ, ನನಗೂ ಹಾಗೇ ಅನ್ಸುತ್ತೆ. ಈ ಇಡೀ ಬಿರುಗಾಳಿ ಪ್ರಸಂಗಾನ ಅವನು ಪತ್ರಿಕೆಯ ವರದಿ ಅನ್ನೋ ರೂಪದಲ್ಲಿ ಕೊಡ್ತಾನೆ. ಪುಸ್ತಕ ಪೂರ್ತಿ ಡೈರಿ, ಕಾಗದ, ಪೇಪರ್ ಕಟಿಂಗ್ ಇವುಗಳಿಂದಾನೇ ಕಟ್ಟಿರೋದು, ಅಂಥ ಪುಸ್ತಕಕ್ಕೆ ನಿಜವಾದ ಊರು ಬೇಕೇ ಬೇಕು. 1897ರ ಮೇ ತಿಂಗಳಲ್ಲಿ ಪುಸ್ತಕ ಬಂದಾಗ ವಿಟ್‌ಬಿ ಗೊತ್ತಿದ್ದ ಓದುಗ ಪಿಯರು, ಸೇತುವೆ, ಮೀನು ಮಾರ್ಕೆಟ್ಟು ಎಲ್ಲಾ ಸರಿಯಾಗಿದೆ ಅಂತ ತಲೆಯಾಡಿಸ್ತಾ ಓದ್ತಾನೆ, ಇಷ್ಟೆಲ್ಲಾ ಸರಿ ಇರೋ ವರದೀಲಿ ಆ ನಾಯಿ ಬಂದಾಗ ಅದನ್ನೂ ಅಷ್ಟೇ ಸಲೀಸಾಗಿ ನಂಬಿಬಿಡ್ತಾನೆ.

ಸ್ಮಶಾನದಲ್ಲಿ ಅವನಿಗೆ ಸಿಕ್ಕಿದ್ದು ಹೆಸ್ರುಗಳು. ಕಾದಂಬರೀಲಿ ಸ್ವೇಲ್ಸ್ ಅಂತ ಸುಮಾರು ನೂರು ವರ್ಷದ ಮುದುಕ ಬರ್ತಾನೆ, ಆ ಅಡ್ಡಹೆಸ್ರು ಅಲ್ಲಿನ ಸಮಾಧಿಕಲ್ಲಿಂದ ಬಂದಿದ್ದು. ಅವನಾಡೋ ಮಾತು ವಿಟ್‌ಬಿ ಆಡುಮಾತಿನ ಪದಗಳಿಂದ ಎಷ್ಟು ತುಂಬಿದೆ ಅಂದ್ರೆ ಇಂಗ್ಲಿಷ್ ಚೆನ್ನಾಗಿ ಬರೋರೂ ಅಲ್ಲಿ ತಡವರಿಸ್ತಾರೆ. ಈ ಸ್ವೇಲ್ಸ್ ಹೇಳೋ ಒಂದು ವಿಚಾರ ತುಂಬಾ ಮುಖ್ಯ: ಇಲ್ಲಿನ ಕಲ್ಲುಗಳೆಲ್ಲಾ ಸುಳ್ಳು ಹೇಳ್ತವೆ, ಅರ್ಧಕ್ಕರ್ಧ ಕಲ್ಲಿನ ಕೆಳಗೆ ಹೆಣಾನೇ ಇಲ್ಲ, ಅವರೆಲ್ಲಾ ಸಮುದ್ರದಲ್ಲಿ ಹೋದವರು. ಮೀನುಗಾರಿಕೆ, ತಿಮಿಂಗಿಲ ಬೇಟೆ ಮಾಡ್ಕೊಂಡು ಬದುಕಿದ ಊರಿನ ಸತ್ಯ ಇದು. ಖಾಲಿ ಸಮಾಧಿಗಳಿರೋ ಗುಡ್ಡ, ಸಮಾಧಿಯಿಂದ ಎದ್ದು ಓಡಾಡೋ ಪಿಶಾಚಿ ಬಂದು ತಂಗೋಕೆ ಇದಕ್ಕಿಂತ ಜಾಗ ಬೇಕಾ? ಹುಡುಗಿಯರು ಕೂರೋ ಬೆಂಚಿನ ಕೆಳಗಿರೋ ಸಮಾಧೀಲಂತೂ ಹೆಣ ಇದೆ, ಆದ್ರೆ ಕಲ್ಲಿನ ಮೇಲೆ ಬಂಡೆಯಿಂದ ಬಿದ್ದು ಸತ್ತ ಅಂತ ಬರೆದಿರೋನು ಆತ್ಮಹತ್ಯೆ ಮಾಡ್ಕೊಂಡವನು ಅಂತ ಸ್ವೇಲ್ಸ್ ಬಾಯಿಬಿಡ್ತಾನೆ. ಕೆಲವೇ ದಿನದಲ್ಲಿ ಅದೇ ಬೆಂಚಿನ ಮೇಲೆ ಸ್ವೇಲ್ಸ್ ಕತ್ತು ಮುರಿದು ಸತ್ತು ಬಿದ್ದಿರ್ತಾನೆ.

ಗುಡ್ಡ ಕುಸಿದು ಸಮಾಧಿಗಳು ಬೀಳ್ತಾ ಇರೋದು, ಕೆಲವು ಕಲ್ಲು ದಾರಿಯ ಮೇಲಕ್ಕೆ ಚಾಚಿ ನಿಂತಿರೋದು ಕೂಡ ಪುಸ್ತಕದಲ್ಲಿದೆ. ಉತ್ಪ್ರೇಕ್ಷೆ ಏನಲ್ಲ. ಈಸ್ಟ್ ಕ್ಲಿಫ್ ಇವತ್ತಿಗೂ ಸವೀತಾ ಇದೆ, 2012ರ ಕೊನೆಯ ಮಳೇಲಿ ಮಣ್ಣು ಕುಸಿದು ಸ್ಮಶಾನದ ಮೂಳೆಗಳು ಕೆಳಗಿನ ಬೀದಿ ಕಡೆ ಬಂದು ಬಿದ್ವು.

ಇನ್ನು ಖಳನ ಹೆಸ್ರು. ಬಂದರಿನ ದಡದಲ್ಲಿದ್ದ ಲೈಬ್ರರೀಲಿ ವಿಲಿಯಂ ವಿಲ್ಕಿನ್ಸನ್ ಅನ್ನೋನು ಈಗಿನ ರೊಮೇನಿಯಾ ಕಡೆಯ ವಲ್ಲಾಕಿಯಾ ಮತ್ತೆ ಮೊಲ್ದಾವಿಯಾ ಪ್ರಾಂತ್ಯಗಳ ಬಗ್ಗೆ 1820ರಲ್ಲಿ ತಂದಿದ್ದ ಪುಸ್ತಕ ಸ್ಟೋಕರ್ ಕೈಗೆ ಸಿಕ್ಕಿತು, ಡ್ರಾಕುಲಾ ಅನ್ನೋ ಹೆಸ್ರನ್ನ ಅಲ್ಲಿಂದಾನೇ ಎತ್ಕೊಂಡ, ಮುಂದೆ ಕೋಟೆಯೂ ಸ್ಟೈರಿಯಾ ಬಿಟ್ಟು ಟ್ರಾನ್ಸಿಲ್ವೇನಿಯಾಗೆ ಹೋಯ್ತು. ಅಂದ್ರೆ ಟ್ರಾನ್ಸಿಲ್ವೇನಿಯಾದ ದಾರೀನೂ ಒಂದರ್ಥದಲ್ಲಿ ವಿಟ್‌ಬಿ ಮೂಲಕಾನೇ ಬಂದಿದ್ದು.

ಎರಡೂ ಜಾಗಾನ ಪುಸ್ತಕದಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಟ್ರಾನ್ಸಿಲ್ವೇನಿಯಾ ಭಾಗ ಸೊಗಸಾಗಿದೆ, ಆದ್ರೆ ಅಲ್ಲಿ ದಿಕ್ಕು ಗೊತ್ತಾಗಲ್ಲ, ಕೋಟೆ ಯಾವ ಬೆಟ್ಟದ ಮೇಲೆ, ಎಷ್ಟು ದೂರ, ಒಂದೂ ಹಿಡಿತಕ್ಕೆ ಸಿಗಲ್ಲ, ಕನಸಿನ ಥರ. ಎಮಿಲಿ ಜೆರಾರ್ಡ್ ಅನ್ನೋ ಲೇಖಕಿ ಅಲ್ಲಿನ ಮೂಢನಂಬಿಕೆಗಳ ಬಗ್ಗೆ 1885ರಲ್ಲಿ ಬರೆದ ಲೇಖನ, ಪ್ರವಾಸಿಗಳ ಪುಸ್ತಕ, ಇವೇ ಅದಕ್ಕೆ ಆಧಾರ. ವಿಟ್‌ಬಿ ಭಾಗದಲ್ಲಿ ಎಡ ಬಲ ಕೂಡ ತಪ್ಪಲ್ಲ. ಕೋಟೆಯ ಒಳಗಿನ ಎಂಟು ಮೂಲೆಯ ಕೋಣೆಗೆ ಮಾತ್ರ ಇನ್ನೊಂದು ನಿಜವಾದ ಜಾಗ ಮಾದರಿ ಆಗಿರಬಹುದು ಅಂತಾರೆ, ಸ್ಕಾಟ್ಲೆಂಡಿನ ಕ್ರೂಡನ್ ಬೇ ಹತ್ರದ ಸ್ಲೇನ್ಸ್ ಕ್ಯಾಸಲ್, ಅಲ್ಲಿ ಅಂಥದೇ ಆಕಾರದ ಒಂದು ಕೋಣೆ ಇದೆ, 1890ರ ದಶಕದಲ್ಲಿ ಸ್ಟೋಕರ್ ಆ ಕಡೆ ರಜೆಗೆ ಹೋಗ್ತಿದ್ದದ್ದೂ ನಿಜ.

ಒಂದು ತಪ್ಪು ಕಲ್ಪನೆ ಬಗ್ಗೆ ಹೇಳ್ಲೇಬೇಕು. ವಿಟ್‌ಬಿ ಆ್ಯಬೀನೇ ಡ್ರಾಕುಲಾನ ಮನೆ ಅಂತ ಎಷ್ಟೋ ಜನ ನಂಬಿದ್ದಾರೆ. ಕಾದಂಬರೀಲಿ ಹಾಗಿಲ್ಲ. ಅವನು ಕೊಳ್ಳೋ ಕಾರ್‌ಫ್ಯಾಕ್ಸ್ ಅನ್ನೋ ಮನೆ ಇರೋದು ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ದಡದ ಪರ್‌ಫ್ಲೀಟಲ್ಲಿ, ಪೆಟ್ಟಿಗೆಗಳು ವಿಟ್‌ಬಿಯಿಂದ ರೈಲಲ್ಲಿ ಲಂಡನ್ನಿಗೆ ಹೋಗ್ತವೆ. ಆ್ಯಬಿ ಒಳಗೆ ಒಂದು ಮುಖ್ಯ ಘಟನೇನೂ ನಡೆಯಲ್ಲ. ಅದು ಗುಡ್ಡದ ಮೇಲೆ ಸುಮ್ನೆ ನಿಂತಿರುತ್ತೆ, ಕಿಟಕೀಲಿ ಬಿಳೀ ಉಡುಪಿನ ಹೆಂಗಸೊಬ್ಬಳು ಕಾಣ್ತಾಳೆ ಅನ್ನೋ ಊರ ಕಥೇನ ಮಿನಾ ಒಂದು ಸಾಲಲ್ಲಿ ಹೇಳಿ ಮುಗಿಸ್ತಾಳೆ. ಸ್ಟೋಕರ್ ಇಲ್ಲಿ ಬಹಳ ಜಾಣ. ಬೇರೆ ಯಾರಾದ್ರೂ ಆಗಿದ್ರೆ ಕಣ್ಣೆದುರು ಇಷ್ಟು ಚೆಂದದ ಪಾಳುಮಠ ಇದೆ ಅಂತ ಪಿಶಾಚೀನ ಅಲ್ಲೇ ಕೂರಿಸ್ತಿದ್ರು. ಅವನು ಜನ ದಿನಾ ಬಂದು ಕೂರೋ ಬೆಂಚನ್ನ ಆರಿಸ್ಕೊಂಡ.

ಈಗ ಕಾದಂಬರಿ ಊರಿಗೆ ಸಾಲ ತೀರಿಸ್ತಾ ಇದೆ. 1994ರಿಂದ ಅಲ್ಲಿ ಗಾಥ್ ವೀಕೆಂಡ್ ಅಂತ ನಡೆಯುತ್ತೆ, ಕಪ್ಪು ಬಟ್ಟೆ ತೊಟ್ಟ ಸಾವಿರಾರು ಜನ ಸೇರ್ತಾರೆ. ಡ್ರಾಕುಲಾನ ಸಮಾಧಿ ಎಲ್ಲಿ ಅಂತ ಕೇಳೋರು ಎಷ್ಟು ಜಾಸ್ತಿ ಆದ್ರು ಅಂದ್ರೆ ಅಂಥದ್ದು ಇಲ್ಲಿಲ್ಲ, ದಯವಿಟ್ಟು ಕೇಳ್ಬೇಡಿ ಅಂತ ಸೇಂಟ್ ಮೇರಿ ಚರ್ಚಿನಲ್ಲಿ ಬೋರ್ಡೇ ಹಾಕಿದ್ರು.

ನೀವು ಯಾವಾಗಾದ್ರೂ ಆ ಕಡೆ ಹೋದ್ರೆ ಬಸ್ಸಿಳಿದು ಸೀದಾ ಆ್ಯಬಿಗೆ ಹೋಗ್ಬೇಡಿ. ಮೊದ್ಲು ವೆಸ್ಟ್ ಕ್ಲಿಫ್ ಅಂಚಿಗೆ ಹೋಗಿ, ಎದುರುಗಡೆ ಚರ್ಚಿನ ಪಕ್ಕ ಯಾರಾದ್ರೂ ನಿಂತಿರೋದು ಕಾಣುತ್ತಾ ನೋಡಿ, ಆಮೇಲೆ ಮೆಟ್ಟಿಲಿಳಿದು ಮಾರ್ಕೆಟ್ ದಾರೀಲಿ ಸೇತುವೆಗೆ ಬಂದು, ಚರ್ಚ್ ಸ್ಟ್ರೀಟಲ್ಲಿ ನಡೆದು 199 ಮೆಟ್ಟಿಲು ನಿಲ್ಲದೆ ಹತ್ತಿ. ಹೋಗೋಕಾಗದೇ ಇದ್ರೆ ಮೊಬೈಲಲ್ಲಿ ವಿಟ್‌ಬಿ ಮ್ಯಾಪ್ ತೆರೆದಿಟ್ಕೊಂಡು ಎಂಟನೇ ಅಧ್ಯಾಯ ಓದಿ. ಸೇತುವೆ ಈಗಿರೋದು ಸ್ಟೋಕರ್ ನೋಡಿದ್ದಲ್ಲ, 20ನೇ ಶತಮಾನದ ಶುರೂಲಿ ಕಟ್ಟಿದ ಹೊಸದು, ಆದ್ರೆ ಮಿನಾ ಓಡಿದ ದಾರೀನ ಇವತ್ತೂ ಬೆರಳಿಟ್ಟು ಒಂದೊಂದು ತಿರುವೂ ಗುರುತಿಸಬಹುದು.